ಆಶ್ವಿಟ್ಜ್‌ಗೆ ಅರ್ಧ ದಿನ ಸಾಕಾ?

ಪೋಲೆಂಡ್ ಪ್ರವಾಸ ಹಾಕಿಕೊಂಡವರು ಬೆಂಗಳೂರಿನಿಂದ ಕೇಳಲಿ, ಬರ್ಲಿನ್‌ನಿಂದ ಕೇಳಲಿ, ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬೆಳಿಗ್ಗೆ ಆಶ್ವಿಟ್ಜ್, ಮಧ್ಯಾಹ್ನ ಉಪ್ಪಿನ ಗಣಿ. ಅರ್ಧ ದಿನದಲ್ಲಿ ಮುಗಿಯುತ್ತಾ?" ಹತ್ತಿರದ ದೊಡ್ಡ ಊರಾದ ಕ್ರಾಕುವ್‌ನ ಏಜೆಂಟರು ಇವೆರಡನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿ ಮಾರುವುದರಿಂದ ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ.

ಮುಗಿಯುತ್ತದೆ. ಆದರೆ ಏನನ್ನು ಬಿಟ್ಟು ಮುಗಿಯುತ್ತದೆ ಅನ್ನುವುದು ಹೋಗುವ ಮೊದಲೇ ಗೊತ್ತಿರಬೇಕು.

ಆಶ್ವಿಟ್ಜ್ ಎಂದರೆ ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನಿ ತಾನು ಆಕ್ರಮಿಸಿದ ಪೋಲೆಂಡ್‌ನಲ್ಲಿ ನಡೆಸಿದ ಸಾವಿನ ಶಿಬಿರ, ಈಗ ಮ್ಯೂಸಿಯಂ. ಅಲ್ಲಿರುವುದು ಒಂದು ಜಾಗವಲ್ಲ, ಎರಡು. ಮೊದಲನೆಯದು ಆಶ್ವಿಟ್ಜ್ ಒಂದು. ಪೋಲಿಷ್ ಸೈನ್ಯದ ಹಳೆಯ ಇಟ್ಟಿಗೆ ಕಟ್ಟಡಗಳಿವು. 1940ರ ಜೂನ್ 14ರಂದು 728 ಪೋಲಿಷ್ ರಾಜಕೀಯ ಕೈದಿಗಳನ್ನು ತಂದು ಇಲ್ಲಿ ಕೂಡಿಹಾಕುವುದರೊಂದಿಗೆ ಶಿಬಿರ ಶುರುವಾಯಿತು. ಫೋಟೊಗಳಲ್ಲಿ ಎಲ್ಲರೂ ನೋಡಿರುವ ಕಬ್ಬಿಣದ ಅಕ್ಷರಗಳ ಗೇಟು ಇರುವುದು ಇಲ್ಲೇ. ಎರಡನೆಯದು ಬಿರ್ಕೆನೌ, ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರ, ಹತ್ತಿರಹತ್ತಿರ 420 ಎಕರೆ. ಒಟ್ಟು ಕನಿಷ್ಠ 13 ಲಕ್ಷ ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿದರು, ಅವರಲ್ಲಿ ಸುಮಾರು 11 ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಸುಮಾರು 10 ಲಕ್ಷ ಮಂದಿ ಯಹೂದಿಗಳು, 70 ಸಾವಿರಕ್ಕೂ ಹೆಚ್ಚು ಪೋಲರು, 21 ಸಾವಿರದಷ್ಟು ರೋಮಾ (ಹಿಂದೆ ಜಿಪ್ಸಿ ಎನ್ನುತ್ತಿದ್ದ) ಜನ, ಸುಮಾರು 15 ಸಾವಿರ ಸೋವಿಯತ್ ಯುದ್ಧಕೈದಿಗಳು. ಈ ಸಾವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಡೆದದ್ದು ಬಿರ್ಕೆನೌನಲ್ಲಿ. ಸಮಯ ಸಾಲದಾಗ ಪ್ರವಾಸಿಗರು ಮೊಟಕು ಮಾಡುವುದೂ ಬಿರ್ಕೆನೌವನ್ನೇ.

ಗೈಡ್ ಜೊತೆಗಿನ ಸಾಮಾನ್ಯ ಸುತ್ತು ಮೂರೂವರೆ ಗಂಟೆಯದು. ಅದರಲ್ಲಿ ಎರಡು ಗಂಟೆ ಆಶ್ವಿಟ್ಜ್ ಒಂದರಲ್ಲೇ ಕಳೆಯುತ್ತದೆ. ಬಸ್ಸು ಹತ್ತಿ ಇಳಿಯುವ ಹೊತ್ತು ಕಳೆದರೆ ಬಿರ್ಕೆನೌಗೆ ಉಳಿಯುವುದು ಒಂದು ಗಂಟೆ, ಹೆಚ್ಚೆಂದರೆ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಗೇಟು, ರೈಲಿನ ಹಳಿ, ಎರಡು ಕ್ರೆಮಟೋರಿಯಂಗಳ (ಹೆಣ ಸುಡುತ್ತಿದ್ದ ಕಟ್ಟಡಗಳ) ಅವಶೇಷ, ಸ್ಮಾರಕ, ಒಂದು ಬ್ಯಾರಕ್ ನೋಡಿಸಿ ವಾಪಸ್ ಕರೆತರುತ್ತಾರೆ. ಹಾಗಾಗಿ ನಮ್ಮ ಸಲಹೆ: ಬೆಳಗಿನ ಸುತ್ತು ಹಿಡಿಯಿರಿ, ಗೈಡ್ ವಿದಾಯ ಹೇಳಿದ ಮೇಲೂ ಬಿರ್ಕೆನೌನಲ್ಲೇ ಎರಡು ಗಂಟೆ ಉಳಿಯಿರಿ. ಅಲ್ಲಿ ಗೈಡ್ ಇಲ್ಲದೆ ಓಡಾಡಲು ಅಡ್ಡಿಯಿಲ್ಲ. ಹೋಟೆಲ್ಲಿನಿಂದ ಕರೆದೊಯ್ಯುವ ವ್ಯಾನಿನಲ್ಲಿ ಹೋದರೆ ಮಾತ್ರ ಇದು ಆಗದ ಮಾತು. ಡ್ರೈವರ್ ಕಾಯುವುದಿಲ್ಲ. ಕ್ರಾಕುವ್ ಬಸ್ ನಿಲ್ದಾಣದಿಂದ ಮ್ಯೂಸಿಯಂ ಬಾಗಿಲಿಗೇ ಹೋಗುವ ಬಸ್ಸುಗಳಿವೆ, ಒಂದೂವರೆ ಗಂಟೆಯ ದಾರಿ. ರೈಲೂ ಇದೆ, ಆದರೆ ಓಶ್ವಿಯೆಂಚಿಮ್ (ಆಶ್ವಿಟ್ಜ್ ಊರಿನ ಪೋಲಿಷ್ ಹೆಸರು) ನಿಲ್ದಾಣದಿಂದ ಮ್ಯೂಸಿಯಂಗೆ ಇನ್ನೂ ಎರಡು ಕಿಲೋಮೀಟರ್‌ನಷ್ಟು ನಡೆಯಬೇಕು. ಮ್ಯೂಸಿಯಂನ ಎರಡು ಭಾಗಗಳ ನಡುವಿನ ಬಸ್ಸಿಗೆ ಕಾಸಿಲ್ಲ.

ಬುಕಿಂಗ್ ವಿಷಯದಲ್ಲಿ ಎಡವುವವರೇ ಹೆಚ್ಚು. ಒಳಗೆ ಹೋಗಲು ಹಣವಿಲ್ಲ, ಗೈಡ್‌ಗೆ ಮಾತ್ರ ಹಣ. ಆದರೆ ಪಾಸ್ ಕಡ್ಡಾಯ, ಅದನ್ನು ಮ್ಯೂಸಿಯಂನ ಸ್ವಂತ ಬುಕಿಂಗ್ ಪುಟದಲ್ಲೇ ಮುಂಚಿತವಾಗಿ ಮಾಡಬೇಕು. ಬೇಸಿಗೆಯಲ್ಲಿ ಇಂಗ್ಲಿಷ್ ಸುತ್ತುಗಳು ವಾರಗಳ ಮೊದಲೇ ತುಂಬಿರುತ್ತವೆ. ಗೈಡ್ ಇಲ್ಲದ ಉಚಿತ ಪಾಸ್‌ಗಳು ಕಡಿಮೆ, ಸಿಗುವುದೂ ಸಾಮಾನ್ಯವಾಗಿ ಮಧ್ಯಾಹ್ನದ ನಂತರ. ಚಳಿಗಾಲದಲ್ಲಿ ಅದನ್ನು ನಂಬಿದರೆ ಬಿರ್ಕೆನೌ ತಲುಪುವ ಹೊತ್ತಿಗೆ ಕತ್ತಲು. ಡಿಸೆಂಬರ್‌ನಲ್ಲಿ ಮಧ್ಯಾಹ್ನ 2ಕ್ಕೇ ಪ್ರವೇಶ ನಿಲ್ಲಿಸುತ್ತಾರೆ. ಪೂರ್ತಿ ದಿನ ಕೊಡಬಲ್ಲವರಿಗೆ ಆರು ಗಂಟೆಯ ಅಧ್ಯಯನ ಸುತ್ತೂ ಇದೆ, ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಪಾಸ್ ಹೆಸರಿನ ಮೇಲಿರುತ್ತದೆ, ಗುರುತಿನ ಚೀಟಿಯೊಂದಿಗೆ ಹೋಲಿಸಿ ನೋಡುತ್ತಾರೆ. ನಮ್ಮವರ ಇನಿಷಿಯಲ್ ತಾಪತ್ರಯ ಇಲ್ಲೇ ಹಣಕುವುದು. ದಿನಬಳಕೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿಯಾಗಿ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ ಬರೆಯಿರಿ. ಬ್ಯಾಗು 35×25×15 ಸೆಂಟಿಮೀಟರ್ ಮೀರಬಾರದು. ಹೆಚ್ಚಿನ ಲ್ಯಾಪ್‌ಟಾಪ್ ಬ್ಯಾಗುಗಳು ಈ ಅಳತೆಗೆ ಕೂರುವುದಿಲ್ಲ. ಏರ್‌ಪೋರ್ಟಿನ ಥರದ ತಪಾಸಣೆ ಇರುವುದರಿಂದ ಅರ್ಧ ಗಂಟೆ ಮೊದಲೇ ಅಲ್ಲಿರಬೇಕು. ತಿಂಡಿ ಹೊರಗೇ ಮುಗಿಸಿ. ಬಿರ್ಕೆನೌ ಬಟಾಬಯಲು: ಜುಲೈಯಲ್ಲಿ ನೆರಳಿಲ್ಲ, ಮಳೆ ಬಂದರೆ ಕೆಸರು, ಜನವರಿಯಲ್ಲಿ ಮುಖ ಕೊಯ್ಯುವ ಗಾಳಿ. ನೀರಿನ ಬಾಟಲಿ, ಗಟ್ಟಿ ಬೂಟು ಇರಲಿ.

ನಮ್ಮವರಿಗೆಂದೇ ಇನ್ನೊಂದು ಮಾತು. ಸ್ವಸ್ತಿಕದ ಪೆಂಡೆಂಟ್, ಉಂಗುರ, ಟೀಶರ್ಟ್ ಇದ್ದರೆ ಅಂದು ರೂಮಿನಲ್ಲೇ ಬಿಟ್ಟು ಹೋಗಿ. ಹೊಸ್ತಿಲ ಮೇಲೆ ನಾವು ಬರೆಯುವ ಸ್ವಸ್ತಿಕದ ಅರ್ಥವೇ ಬೇರೆ, ಸರಿ. ಆದರೆ ಪಕ್ಕದಲ್ಲಿ ನಿಂತವರು ಅಲ್ಲಿ ಅಜ್ಜಿಯನ್ನು ಕಳೆದುಕೊಂಡ ಕುಟುಂಬದವರಾಗಿರಬಹುದು. ಅವರಿಗೆ ಸಿಂಧೂ ಕಣಿವೆಯ ಇತಿಹಾಸ ವಿವರಿಸುತ್ತ ನಿಲ್ಲುವ ಜಾಗ ಅದಲ್ಲ. ಮಕ್ಕಳ ಬಗ್ಗೆ: 14 ವರ್ಷಕ್ಕಿಂತ ಚಿಕ್ಕವರನ್ನು ಕರೆತರಬೇಡಿ ಎಂದು ಮ್ಯೂಸಿಯಂ ಹೇಳುತ್ತದೆ, ಅದು ನ್ಯಾಯವೇ.

ಈಗ ಒಳಗೆ. 2023ರಲ್ಲಿ ತೆರೆದ ಹೊಸ ಪ್ರವೇಶದ್ವಾರದಿಂದ ಶಿಬಿರಕ್ಕೆ ಹೋಗುವ ದಾರಿಯಲ್ಲಿ ಎರಡೂ ಬದಿ ಬರೀ ಕಾಂಕ್ರೀಟ್ ಗೋಡೆ. ನಡೆಯುತ್ತಿದ್ದಂತೆ ಸ್ಪೀಕರ್‌ಗಳಿಂದ ಹೆಸರುಗಳು ಕೇಳುತ್ತವೆ, ಒಂದಾದ ಮೇಲೊಂದು, ಕೊಲೆಯಾದವರ ಹೆಸರುಗಳು. ಹೆಚ್ಚಿನವರು ಮೊಬೈಲ್ ಸೈಲೆಂಟ್ ಮಾಡುವುದರಲ್ಲೇ ಈ ದಾರಿ ದಾಟಿಬಿಡುತ್ತಾರೆ.

ಐದನೇ ಬ್ಲಾಕಿನಲ್ಲಿ ಗಾಜಿನ ಹಿಂದೆ ಸೂಟ್‌ಕೇಸುಗಳಿವೆ. ಮ್ಯೂಸಿಯಂ ಬಳಿ ಇರುವ 3,800ರಲ್ಲಿ 2,100ರ ಮೇಲೆ ಹೆಸರಿದೆ. ಬಿಳಿ ಬಣ್ಣದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಹೆಸರು, ಹುಟ್ಟಿದ ತಾರೀಕು, ಕೆಲವಕ್ಕೆ ಊರು. ಕುಂಚ ಹಿಡಿದು ಅಭ್ಯಾಸವಿಲ್ಲದ ಕೈ ಅನ್ನುವುದು ಅಕ್ಷರ ನೋಡಿದರೇ ತಿಳಿಯುತ್ತದೆ. ಸಾಲಿನ ಕೊನೆಗೆ ಜಾಗ ಸಾಲದೆ ಕುಗ್ಗಿಸಿ ಬರೆದದ್ದೂ ಕಾಣುತ್ತದೆ. ಸಾಮಾನು ಆಮೇಲೆ ವಾಪಸ್ ಸಿಗುತ್ತದೆ ಎಂದು ನಂಬಿಸಿದ್ದರಿಂದ ಅಷ್ಟು ಜೋಪಾನವಾಗಿ ಬರೆದರು. ಪಕ್ಕದಲ್ಲೇ ಶೂಗಳು, ಸಂಗ್ರಹದಲ್ಲಿರುವುದು ಸುಮಾರು 1,10,000. ಅವುಗಳಲ್ಲಿ 8,000ದಷ್ಟು ಮಕ್ಕಳವು. ನಾಲ್ಕನೇ ಬ್ಲಾಕಿನಲ್ಲಿ ಹೆಂಗಸರ ತಲೆಯಿಂದ ಕತ್ತರಿಸಿದ ಕೂದಲು, ಎರಡು ಟನ್‌ನಷ್ಟು. ಆ ಕೋಣೆಯಲ್ಲೂ ಹನ್ನೊಂದನೇ ಬ್ಲಾಕಿನ ನೆಲಮಾಳಿಗೆಯಲ್ಲೂ ಫೋಟೊ ತೆಗೆಯುವಂತಿಲ್ಲ. ಉಳಿದೆಡೆ ತೆಗೆಯಬಹುದು, ಫ್ಲ್ಯಾಶ್ ಇಲ್ಲದೆ.

ಆರನೇ ಬ್ಲಾಕಿನ ಕಾರಿಡಾರ್‌ನ ಗೋಡೆಗಳ ತುಂಬ ಪಟ್ಟೆ ಬಟ್ಟೆಯ ಕೈದಿಗಳ ಭಾವಚಿತ್ರಗಳು. ಕೆಳಗೆ ಶಿಬಿರಕ್ಕೆ ಬಂದ ದಿನ, ಸತ್ತ ದಿನ. ಎರಡರ ನಡುವೆ ಎಷ್ಟೋ ಸಲ ಕೆಲವೇ ವಾರ. ಇಲ್ಲೊಂದು ವಿಷಯ ಬಹಳ ಜನಕ್ಕೆ ತಿಳಿದಿರುವುದಿಲ್ಲ. ಫೋಟೊ ತೆಗೆಸಿಕೊಂಡವರು, ನಂಬರ್ ಪಡೆದವರು ಅಂದರೆ ದಾಖಲೆಗೆ ಸೇರಿದ ಕೈದಿಗಳು. ಅಂಥವರು ಸುಮಾರು 4 ಲಕ್ಷ. ಉಳಿದ 9 ಲಕ್ಷದಷ್ಟು ಜನರನ್ನು ರೈಲಿನಿಂದ ಇಳಿಸಿ ನೇರವಾಗಿ ಗ್ಯಾಸ್ ಚೇಂಬರಿಗೆ ನಡೆಸಿದರು. ಅವರಿಗೆ ನಂಬರೂ ಇಲ್ಲ, ಪಟ್ಟೆ ಬಟ್ಟೆಯೂ ಇಲ್ಲ, ಆ ಗೋಡೆಯ ಮೇಲೆ ಜಾಗವೂ ಇಲ್ಲ. ಅವರನ್ನು ಕಾಣಬೇಕಾದರೆ ಬಿರ್ಕೆನೌಗೆ ಹೋಗಬೇಕು.

ಬಿರ್ಕೆನೌ ಗೇಟು ದಾಟಿದ ಕೂಡಲೇ ಬಲಗಡೆ ಬಯಲಿನಲ್ಲಿ ನೂರಾರು ಇಟ್ಟಿಗೆ ಚಿಮಣಿಗಳು ಸಾಲಾಗಿ ನಿಂತಿವೆ. ಅವು ಹೆಣ ಸುಟ್ಟ ಚಿಮಣಿಗಳಲ್ಲ. ಮರದ ಬ್ಯಾರಕ್‌ಗಳ ಒಳಗಿದ್ದ ಒಲೆಗಳವು. ಯುದ್ಧದ ನಂತರ ಮನೆ ಕಟ್ಟಲು ಮರವನ್ನು ಬಿಚ್ಚಿ ಒಯ್ದರು, ಇಟ್ಟಿಗೆ ಉಳಿಯಿತು. ನಡುವಿನ ರೈಲು ಪ್ಲಾಟ್‌ಫಾರಂ ಬಳಕೆಗೆ ಬಂದದ್ದು 1944ರ ಮೇ ತಿಂಗಳಲ್ಲಿ. ಹಂಗೇರಿಯಿಂದ ಎರಡು ತಿಂಗಳೊಳಗೆ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಇಲ್ಲಿಗೆ ಸಾಗಿಸಿದರು. ಆ ಹಳಿಯ ಮೇಲೆ ಕೈ ಚಾಚಿ ಬ್ಯಾಲೆನ್ಸ್ ಮಾಡುತ್ತ ಸೆಲ್ಫಿ ತೆಗೆಯುವವರನ್ನು ನೀವು ಖಂಡಿತ ನೋಡುತ್ತೀರಿ.

ಹಳಿ ಮುಗಿಯುವಲ್ಲಿ ಎಡಬಲಕ್ಕೆ ಎರಡು ಮತ್ತು ಮೂರನೇ ಕ್ರೆಮಟೋರಿಯಂಗಳು. ಗ್ಯಾಸ್ ಚೇಂಬರುಗಳಿದ್ದದ್ದೂ ಇವುಗಳೊಳಗೇ. ಸಾಕ್ಷ್ಯ ಉಳಿಯದಿರಲೆಂದು ನಾಜಿಗಳೇ 1945ರ ಜನವರಿ 20ರಂದು ಡೈನಮೈಟ್ ಇಟ್ಟು ಉರುಳಿಸಿದರು. ಬಟ್ಟೆ ಕಳಚುವ ನೆಲದಡಿಯ ಕೋಣೆಗೆ ಇಳಿಯುವ ಮೆಟ್ಟಿಲು ಇನ್ನೂ ಕಾಣುತ್ತದೆ. ಅವಶೇಷಗಳ ಮೇಲೆ ಹತ್ತಬಾರದು. ಇಟ್ಟಿಗೆ ಚೂರೋ ತಂತಿ ತುಂಡೋ ನೆನಪಿಗೆಂದು ಎತ್ತಿಕೊಂಡವರ ಮೇಲೆ ಕೇಸುಗಳಾಗಿವೆ.

ಗೈಡ್ ಸುತ್ತು ಸಾಮಾನ್ಯವಾಗಿ ಸ್ಮಾರಕದ ಬಳಿ ಹಿಂದಕ್ಕೆ ತಿರುಗುತ್ತದೆ. ನೀವು ಬಲಕ್ಕೆ ತಿರುಗಿ. ಸ್ವಲ್ಪ ನಡೆದರೆ 'ಸೌನಾ' ಎನ್ನುವ ದೊಡ್ಡ ಇಟ್ಟಿಗೆ ಕಟ್ಟಡ, ದುಡಿಸಲು ಆರಿಸಿಕೊಂಡವರ ತಲೆ ಬೋಳಿಸಿ, ಸ್ನಾನ ಮಾಡಿಸಿ ಕೈದಿಗಳನ್ನಾಗಿಸಿದ ಜಾಗ. ಅದರ ಕೊನೆಯ ಕೋಣೆಯಲ್ಲಿ ಸುಮಾರು 2,400 ಫೋಟೊಗಳಿವೆ. ಇವು ಜನ ತಮ್ಮ ಗಂಟುಮೂಟೆಯಲ್ಲಿ ತಂದವು, ಬಹುಪಾಲು ಬೆಂಜಿನ್, ಸೊಸ್ನೊವಿಯೆಟ್ಸ್ ಎಂಬ ಹತ್ತಿರದ ಊರುಗಳ ಯಹೂದಿ ಕುಟುಂಬಗಳವು. ಮದುವೆ, ಕೂಸು, ಹಿಮದಲ್ಲಿ ಆಟ, ಸ್ಟುಡಿಯೋದಲ್ಲಿ ಕೈ ಕೈ ಹಿಡಿದ ಅಕ್ಕತಂಗಿಯರು. ಆರನೇ ಬ್ಲಾಕಿನ ಗೋಡೆಯ ಮೇಲೆ ಜಾಗ ಸಿಗದವರ ಮುಖಗಳು ಇಲ್ಲಿವೆ, ಅದೂ ಪಟ್ಟೆ ಬಟ್ಟೆಯಲ್ಲಲ್ಲ, ತಮ್ಮ ಬಟ್ಟೆಯಲ್ಲಿ. ಒಂದೇ ಕೋಣೆ ನೋಡಲು ಸಮಯವಿದ್ದರೆ ಇದನ್ನು ನೋಡಿ.

ಸೌನಾದಿಂದ ಐದನೇ ಕ್ರೆಮಟೋರಿಯಂ ಕಡೆ ನಡೆದರೆ ಭೂರ್ಜ ಮರಗಳ ತೋಪು ಸಿಗುತ್ತದೆ. ಬಿರ್ಕೆನೌ ಎಂಬ ಹೆಸರು ಬಂದದ್ದೇ ಈ ಮರದಿಂದ, ನಮ್ಮ ಭೂರ್ಜಪತ್ರದ ಮರದ ಬಳಗದ್ದೇ. 1944ರಲ್ಲಿ ತಮ್ಮ ಸರದಿ ಏನೆಂದು ಗೊತ್ತಿಲ್ಲದೆ ಇದೇ ಮರಗಳ ಕೆಳಗೆ ಕೂತಿದ್ದ ತಾಯಂದಿರ, ಮಕ್ಕಳ ಫೋಟೊಗಳನ್ನು ನಾಜಿಗಳೇ ತೆಗೆದಿದ್ದರು. ಆ ಫೋಟೊಗಳ ಫಲಕಗಳು ಅಲ್ಲೇ ನಿಂತಿವೆ. ಅಲ್ಲಿಂದ ಗೇಟಿಗೆ ವಾಪಸ್ ನಡೆಯಲು ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಬಸ್ಸಿನ ವೇಳೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಗೌರವ ಹೇಗೆ ಸಲ್ಲಿಸುವುದು ಎಂದೂ ಕೇಳುತ್ತಾರೆ. ಯಹೂದಿಗಳು ಸಮಾಧಿಗೆ ಹೂವಿಡುವುದಕ್ಕಿಂತ ಸಣ್ಣ ಕಲ್ಲಿಡುತ್ತಾರೆ. ಕಲ್ಲನ್ನು ಹೊರಗಿನಿಂದಲೇ ತನ್ನಿ, ಬಿರ್ಕೆನೌ ನೆಲದಿಂದ ಎತ್ತಬೇಡಿ. ಅಲ್ಲಿನ ಮಣ್ಣಿನಲ್ಲಿ ಸತ್ತವರ ಬೂದಿಯಿದೆ. ಪೋಲರು ಗಾಜಿನ ಗೂಡಿನೊಳಗಿನ ಮೇಣದ ದೀಪ ಹಚ್ಚುತ್ತಾರೆ, ಸ್ಮಾರಕದ ಬಳಿ ಅದು ವಾಡಿಕೆ. ಊದುಬತ್ತಿ, ಮಂತ್ರಪಠಣ ಬೇಡ. ಹೋಗುವ ಹಿಂದಿನ ರಾತ್ರಿ ಜೆರುಸಲೇಮ್‌ನ ಯಾದ್ ವಶೆಮ್ ಸಂಸ್ಥೆಯ ಹೆಸರುಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತೆರೆದು ನೋಡಿ. 48 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ನೋಡಲು ಹಣ ಕೊಡಬೇಕಿಲ್ಲ. ಬೆಂಜಿನ್ ಎಂದು ಹುಡುಕಿ ಒಬ್ಬರ ಹೆಸರು, ವಯಸ್ಸು, ಕಸುಬು ಬರೆದಿಟ್ಟುಕೊಂಡು ಹೋದರೆ, ಕಲ್ಲನ್ನು ಯಾರಿಗಾಗಿ ಇಡುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರುತ್ತದೆ.

ಮ್ಯೂನಿಕ್‌ನಲ್ಲಿ ನೆಲೆಸಿರುವವರಿಗೆ ಪೋಲೆಂಡ್‌ವರೆಗೆ ಹೋಗಲಾಗದಿದ್ದರೆ ಪಕ್ಕದಲ್ಲೇ ಡಾಖಾವ್ ಎಂಬ ಇನ್ನೊಂದು ನಾಜಿ ಶಿಬಿರ ಇದೆ, ಅದಕ್ಕೆ ಅರ್ಧ ದಿನ ಸಾಕು. ಎಸ್2 ರೈಲು, ಅಲ್ಲಿಂದ 726ನೇ ಬಸ್ಸು, ಪ್ರವೇಶ ಉಚಿತ. ಕ್ರೆಮಟೋರಿಯಂ ಕಟ್ಟಡದಲ್ಲಿ ನೂರ್ ಇನಾಯತ್ ಖಾನ್ ಮತ್ತು ಅವರ ಮೂವರು ಸಂಗಾತಿಗಳ ಹೆಸರಿನ ಫಲಕ ಹುಡುಕಿ. ಶ್ರೀರಂಗಪಟ್ಟಣದ ಟಿಪ್ಪುವಿನ ವಂಶದ ನೂರ್, ಬ್ರಿಟಿಷ್ ಗುಪ್ತದಳದ ವೈರ್‌ಲೆಸ್ ಆಪರೇಟರ್ ಆಗಿ ಪ್ಯಾರಿಸ್‌ನಲ್ಲಿ ಸಿಕ್ಕಿಬಿದ್ದರು. 1944ರ ಸೆಪ್ಟೆಂಬರ್ 13ರಂದು ಅವರನ್ನು ಅಲ್ಲಿ ಗುಂಡಿಟ್ಟು ಕೊಂದರು.

ಇನ್ನು ಕ್ರಾಕುವ್‌ನಲ್ಲಿ ನಿಜವಾಗಿಯೂ ಅರ್ಧ ದಿನವೇ ಇದ್ದರೆ? ಆಶ್ವಿಟ್ಜ್ ಬಿಡಿ, ಊರೊಳಗೇ ಪೊದ್ಗೂಜೆ ಬಡಾವಣೆಗೆ ಟ್ರಾಮ್ ಹತ್ತಿ. 1941ರ ಮಾರ್ಚ್‌ನಲ್ಲಿ ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ ಘೆಟ್ಟೊ ಅದು. 1943ರ ಮಾರ್ಚ್ 13–14ರಂದು ಖಾಲಿ ಮಾಡಿಸಿದರು. ಲ್ವೊವ್ಸ್ಕಾ ಬೀದಿಯಲ್ಲಿ ಗೋಡೆಯ ಒಂದು ತುಂಡು ಉಳಿದಿದೆ, ಅದರ ಮೇಲಂಚು ಸಮಾಧಿಕಲ್ಲುಗಳ ಸಾಲಿನ ಆಕಾರದಲ್ಲಿದೆ. ಬಡಾವಣೆಯ ನಡುವಿನ, ಈಗ ಘೆಟ್ಟೊ ವೀರರ ಚೌಕ ಎನ್ನುವ ಚೌಕದ ಮೂಲೆಯಲ್ಲಿ ಪಾಂಕಿಯೆವಿಚ್ ಎಂಬ ಪೋಲಿಷ್ ಔಷಧಿ ವ್ಯಾಪಾರಿ ಘೆಟ್ಟೊದೊಳಗೆ ನಡೆಸಿದ ಅಂಗಡಿ ಈಗ ಮ್ಯೂಸಿಯಂ. ಚೌಕದ ತುಂಬ ಲೋಹದ ಖಾಲಿ ಕುರ್ಚಿಗಳು. ಜನರನ್ನು ಸಾಗಿಸಿದ ಮೇಲೆ ಅವರ ಮೇಜು ಕುರ್ಚಿಗಳು ಬೀದಿಯಲ್ಲಿ ಬಿದ್ದಿದ್ದವಲ್ಲ, ಅದರ ನೆನಪಿಗೆ. ಟ್ರಾಮ್ ಸ್ಟಾಪಿನ ಬಳಿ ಇರುವ ಚಿಕ್ಕ ಕುರ್ಚಿಗಳ ಮೇಲೆ ಊರಿನವರು ತರಕಾರಿ ಚೀಲ ಇಟ್ಟುಕೊಂಡು ಕೂತಿರುತ್ತಾರೆ. ಅವರನ್ನು ನೋಡಿ ಮುಖ ಗಂಟಿಕ್ಕಬೇಡಿ. ಅವು ಕೂರುವುದಕ್ಕೇ ಇಟ್ಟವು.