ಆರು ರಾಣಿಯರ ಹಾಡು ಕೇಳಿ ಬಂದೆ

19 ಮೇ 2024, ಭಾನುವಾರ
ಲಂಡನ್

ನಿನ್ನೆ ಅಕ್ಕನ ಮಗಳನ್ನು ಕರೆದುಕೊಂಡು ಸ್ಟ್ರಾಂಡ್‌ನ ವಾಡ್‌ವಿಲ್ ಥಿಯೇಟರಿಗೆ ಹೋಗಿದ್ದೆ, ‘ಸಿಕ್ಸ್’ ಅನ್ನೋ ಸಂಗೀತ ನಾಟಕ ನೋಡೋಕೆ. ಬೆಳಗ್ಗೆ ಎದ್ದಾಗಿನಿಂದ ಅದೇ ಹಾಡುಗಳು ಬಾಯಲ್ಲಿ. ಗೊತ್ತಿರುವವರಿಗೆಲ್ಲ ‘ನೋಡಿ’ ಅಂತ ಹೇಳಲೇಬೇಕು ಅನ್ನಿಸಿದೆ.

ಹದಿನಾರನೇ ಶತಮಾನದ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಗೆ ಆರು ಮದುವೆ. ಇಲ್ಲಿನ ಶಾಲೆಮಕ್ಕಳಿಗೆ ಆ ಹೆಂಡತಿಯರ ಕಥೆ ಬಾಯಿಪಾಠ: ಒಬ್ಬಳನ್ನು ಬಿಟ್ಟ, ಒಬ್ಬಳ ತಲೆ ತೆಗೆಸಿದ, ಒಬ್ಬಳು ಸತ್ತಳು. ಮತ್ತೊಬ್ಬಳನ್ನು ಬಿಟ್ಟ, ಮತ್ತೊಬ್ಬಳ ತಲೆ ತೆಗೆಸಿದ, ಕೊನೆಯವಳು ಉಳಿದಳು. ಆರು ಜನರ ಬದುಕು ಅಷ್ಟರಲ್ಲೇ ಮುಗಿದುಹೋಗುತ್ತದೆ! ಟೋಬಿ ಮಾರ್ಲೋ ಮತ್ತು ಲೂಸಿ ಮಾಸ್ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗಲೇ ಆ ಆರು ಜನರ ಮೇಲೆ ಈ ನಾಟಕ ಬರೆದದ್ದು. 2017ರಲ್ಲಿ ಎಡಿನ್‌ಬರೋ ಫ್ರಿಂಜ್ ಉತ್ಸವದಲ್ಲಿ ವಿದ್ಯಾರ್ಥಿಗಳೇ ಆಡಿದ ಈ ನಾಟಕ ಆಮೇಲೆ ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋಯಿತು. 2022ರಲ್ಲಿ ಸಂಗೀತಕ್ಕೂ ಉಡುಪಿಗೂ ಅಲ್ಲಿನ ದೊಡ್ಡ ರಂಗಭೂಮಿ ಪ್ರಶಸ್ತಿಯಾದ ಟೋನಿ ಬಂತು.

ನಾಟಕ ಅಂದರೂ ನೋಡೋಕೆ ಪಾಪ್ ಸಂಗೀತ ಕಛೇರಿ ಥರಾನೇ. ಆರು ರಾಣಿಯರ ಕೈಯಲ್ಲಿ ಮೈಕು, ಹಿಂದೆ ನಾಲ್ಕು ಜನ ಹೆಂಗಸರ ಬ್ಯಾಂಡ್. ಸುಮಾರು 80 ನಿಮಿಷ, ನಡುವೆ ವಿರಾಮ ಇಲ್ಲ. ಹೆನ್ರಿ ಒಂದು ಸಲವೂ ರಂಗದ ಮೇಲೆ ಬರುವುದಿಲ್ಲ. ಅವನ ಕೈಯಲ್ಲಿ ಯಾರು ಹೆಚ್ಚು ನರಳಿದರೋ ಅವಳೇ ತಂಡದ ನಾಯಕಿ ಅಂತ ಪಂದ್ಯ ಕಟ್ಟಿಕೊಂಡು ಒಬ್ಬೊಬ್ಬರಾಗಿ ಹಾಡುತ್ತಾರೆ.

ಅಕ್ಕನ ಮಗಳಿಗೆ ತುಂಬಾ ಇಷ್ಟವಾದವಳು ನಾಲ್ಕನೇ ರಾಣಿ, ಕ್ಲೀವ್ಸ್‌ನ ಆನ್ನಾ. ಹಾನ್ಸ್ ಹೋಲ್‌ಬೈನ್ ಬರೆದ ಚಿತ್ರ ನೋಡಿ ಹೆನ್ರಿ ಮದುವೆಗೆ ಒಪ್ಪಿದ್ದ. ಹುಡುಗಿ ಎದುರಿಗೆ ಬಂದಾಗ ಹಿಡಿಸಲಿಲ್ಲವಂತೆ. ಆ ಚಿತ್ರ ಬರೆಯುವ ಸನ್ನಿವೇಶದಲ್ಲಿ ದೀಪ ಆರಿಸಿ, ಕತ್ತಲಲ್ಲಿ ಹೊಳೆಯುವ ಕೊರಳಪಟ್ಟಿ ಹಾಕಿಕೊಂಡು ಎಲ್ಲರೂ ಕುಣಿಯುತ್ತಾರೆ. ಥಿಯೇಟರಿಗೆ ಥಿಯೇಟರೇ ಚಪ್ಪಾಳೆ! 1540ರ ಜನವರಿಯಲ್ಲಿ ಮದುವೆ, ಜುಲೈ ಹೊತ್ತಿಗೆ ಮುಗಿದೂ ಹೋಯಿತು. ಆದರೆ ಅವಳಿಗೆ ರಿಚ್ಮಂಡ್ ಅರಮನೆ ಸಿಕ್ಕಿತು, ರಾಜನಿಗಿಂತ ಹತ್ತು ವರ್ಷ ಜಾಸ್ತಿ ಬದುಕಿದಳು. ಅದನ್ನು ಎಷ್ಟು ಗತ್ತಿನಿಂದ ಹೇಳುತ್ತಾಳೆ ಅಂದರೆ ಪಂದ್ಯವನ್ನೇ ಮರೆಯುತ್ತಾಳೆ. ಮೂರನೇ ರಾಣಿ ಜೇನ್ ಸೀಮೋರ್‌ಳ ಹಾಡು ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ, ಎಳೆದ ಹಾಗಿತ್ತು.

ಐದನೇ ರಾಣಿ ಕ್ಯಾಥರೀನ್ ಹೋವರ್ಡ್‌ಳ ಹಾಡಿಗೋಸ್ಕರವೇ ಇದನ್ನು ನೋಡಬೇಕು. ಶುರುವಾಗುವುದು ಚೆಲ್ಲುಚೆಲ್ಲಾಗಿ, ಜನ ತಾಳ ಹಾಕುತ್ತಾರೆ. ಅವಳ ಬಾಳಿನಲ್ಲಿ ಬಂದ ಗಂಡಸರ ಕಥೆ ಅದು. ಮೊದಲು ಸಂಗೀತ ಕಲಿಸಲು ಬಂದ ಮೇಷ್ಟ್ರು, ಆಗ ಅವಳಿನ್ನೂ ಚಿಕ್ಕ ಹುಡುಗಿ. ಆಮೇಲೆ ಇನ್ನೊಬ್ಬ, ಆಮೇಲೆ ರಾಜ, ಆಮೇಲೆ ಮತ್ತೊಬ್ಬ. ಪ್ರತಿ ಸಲವೂ ‘ಇವನು ಹಾಗಲ್ಲ’ ಅಂತ ನಂಬುತ್ತಾಳೆ. ಪಲ್ಲವಿ ಅದೇ. ಆದರೆ ತಿರುಗಿ ಬಂದಾಗಲೆಲ್ಲ ಸುತ್ತ ನಿಂತವರ ಕೈಗಳು ಅವಳ ಭುಜ, ಸೊಂಟ, ಮುಖದ ಮೇಲೆ ಒಂದೊಂದಾಗಿ ಬಂದು ಕೂರುತ್ತವೆ. ಕೊನೆಯ ಸುತ್ತಿನಲ್ಲಿ ಅವಳ ದನಿ ನಡುಗುತ್ತದೆ. ಪಕ್ಕದಲ್ಲಿ ತಾಳ ಹಾಕುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಮಡಿಲಲ್ಲಿ ಇಟ್ಟುಕೊಂಡರು. 1542ರಲ್ಲಿ ತಲೆ ತೆಗೆಸಿದಾಗ ಈ ಹುಡುಗಿಗೆ ಇಪ್ಪತ್ತರ ಆಸುಪಾಸು, ಅಷ್ಟೇ. ನಡತೆಗೆಟ್ಟವಳು ಅಂತ ಶತಮಾನಗಳ ಕಾಲ ಬರೆದರಲ್ಲ, ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಹೆನ್ರಿ ತಲೆ ತೆಗೆಸಿದ ಇನ್ನೊಬ್ಬ ರಾಣಿ ಆ್ಯನ್ ಬೊಲಿನ್. ಅವಳನ್ನು ಕೊಂದದ್ದು 1536ರಲ್ಲಿ, ಇದೇ ಮೇ 19ರಂದು. ಇಬ್ಬರ ಸಮಾಧಿಯೂ ಲಂಡನ್ ಟವರ್ ಒಳಗಿನ ಒಂದೇ ಪುಟ್ಟ ಚರ್ಚಿನಲ್ಲಿದೆ.

ಕೊನೆಗೆ ಕ್ಯಾಥರೀನ್ ಪಾರ್ ಈ ಪಂದ್ಯವೇ ಬೇಡ ಅನ್ನುತ್ತಾಳೆ. ‘ಉಳಿದವಳು’ ಅಂತಷ್ಟೇ ಎಲ್ಲರೂ ಹೇಳುವ ಈ ರಾಣಿ 1545ರಲ್ಲಿ ತನ್ನದೇ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕ ಅಚ್ಚು ಹಾಕಿಸಿದವಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ ಅಲ್ವಾ? ಅವಳ ಮಾತು ಕೇಳಿದ ಮೇಲೆ ಉಳಿದವರೂ ‘ಯಾರು ಜಾಸ್ತಿ ನರಳಿದ್ದು’ ಅನ್ನುವ ಲೆಕ್ಕ ಬಿಡುತ್ತಾರೆ.

ತುಂಬಾ ಚಿಕ್ಕ ಮಕ್ಕಳಿದ್ದರೆ ಹೋವರ್ಡ್‌ಳ ಹಾಡನ್ನು ಮೊದಲು ನೀವು ಕೇಳಿ, ಆಮೇಲೆ ಕರೆದುಕೊಂಡು ಹೋಗಿ. ಹೈಸ್ಕೂಲು ಮಕ್ಕಳಿಗಂತೂ ಖಂಡಿತ ತೋರಿಸಿ. ಊರಲ್ಲಿ ಇರುವವರು 2018ರ ಆಲ್ಬಂ ಹುಡುಕಿ ಕೇಳಿ. ಬಿಡಿಬಿಡಿಯಾಗಿ ಬೇಡ, ಮೊದಲ ಹಾಡಿನಿಂದ ಸಾಲಾಗಿ ಕೇಳಿ. ಯಾವ ರಾಣಿ ಇಷ್ಟವಾದಳು ಅಂತ ನನಗೂ ಹೇಳಿ.