ಚಪ್ಪಲಿ ಹಾಕ್ಕೊಂಡು ಸ್ನಾನ

ದಾವಣಗೆರೆ
14 ಡಿಸೆಂಬರ್ 2025, ಭಾನುವಾರ

ಅತ್ತೆ ಹವಾಯಿ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡ್ತಿದ್ದರಂತೆ. ಯಾವಾಗಿಂದ ಅಂತ ಕೇಳಿದರೆ "ಹಬ್ಬದ ಆಚೆಯಿಂದ" ಅಂದರು. ಯಾವ ಹಬ್ಬ ಅಂತ ಹೇಳಲಿಲ್ಲ.

ಗೀಸರ್ ಪೂರ್ತಿ ನಿಂತಿದ್ದು ಗುರುವಾರ. ಅದಕ್ಕೂ ಮುಂಚೆಯೇ ಒಳಗಿಂದ ಕೊತಕೊತ ಸದ್ದು ಬರ್ತಿತ್ತು, ನೀರು ಕಾಯೋಕೆ ಜಾಸ್ತಿ ಹೊತ್ತು ಹಿಡೀತಿತ್ತು. ಕಂಪನಿಯ ಸರ್ವಿಸ್ ನಂಬರಿಗೆ ಫೋನ್ ಮಾಡಿದೆ. ಕನ್ನಡಕ್ಕಾಗಿ ಎರಡು ಒತ್ತಿ ಅಂದರು. ಒತ್ತಿದೆ. ಹಿಂದಿಯಲ್ಲಿ ಮಾತಾಡಿದರು. ದೂರು ದಾಖಲಾಗಿದೆ ಅಂತ ಮೆಸೇಜ್ ಬಂತು, ಮನುಷ್ಯ ಬರಲಿಲ್ಲ. ಕೊನೆಗೆ ಹೋದ ವರ್ಷ ನಮ್ಮ ಬೋರಿನ ಮೋಟಾರ್ ಸರಿ ಮಾಡಿದ್ದ ನಿಟ್ಟುವಳ್ಳಿ ಹುಡುಗನನ್ನೇ ಕರೆಸಿದೆವು. ಭಾನುವಾರ ಅಂದರೂ ಬಂದ, ಪುಣ್ಯಾತ್ಮ.

ಬಂದವನು ಗೀಸರ್ ಮುಟ್ಟಲೇ ಇಲ್ಲ. ಚೀಲದಿಂದ ಒಂದು ಬಲ್ಬ್ ತೆಗೆದ. ಹೋಲ್ಡರಿಗೆ ಎರಡು ವೈರ್ ಕಟ್ಟಿದ್ದ, ಅಷ್ಟೇ ಅವನ ಯಂತ್ರ. ಒಂದು ತುದಿ ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ ಇಟ್ಟ. ಜಗ್ಗನೆ ಉರಿಯಿತು. ನ್ಯೂಟ್ರಲ್ ಬಿಟ್ಟು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗಿಗೆ ಇಟ್ಟ. ಬಲ್ಬ್ ಮಿಣುಕಲೂ ಇಲ್ಲ. ಇನ್ನೊಂದು ಸಲ ಒತ್ತಿ ಇಟ್ಟ. ಊಹೂಂ.

ಆಮೇಲೆ ನನ್ನನ್ನಲ್ಲ, ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನ ಕೇಳಿದ. "ಅಜ್ಜಿ, ನಲ್ಲಿ ಮುಟ್ಟಿದ್ರೆ ಜುಮ್ ಅಂತಿತ್ತೇನ್ರಿ?"

"ಅಂತಿತ್ತಪ್ಪ. ಜಾಸ್ತಿ ಏನಿಲ್ಲ, ಇರುವೆ ಕಡಿದಂಗೆ."

ನಾನು ಅವರ ಮುಖ ನೋಡಿದೆ. ಅವರು ಗೋಡೆ ನೋಡಿದರು.

"ಯಾಕತ್ತೆ ಹೇಳ್ಲಿಲ್ಲ?"

"ಏನಂತ ಹೇಳ್ಲವ್ವ? ನಿಮಗೇ ನೂರೆಂಟು ಕೆಲಸ. ರಬ್ಬರ್ ಚಪ್ಪಲಿ ಹಾಕ್ಕಂಡ್ರೆ ಹೊಡೀತಿರ್ಲಿಲ್ಲ, ಹಂಗೇ ನಡಸಿದ್ದೆ."

ಸಿಟ್ಟು ಎಷ್ಟು ಬಂತು ಅಂದರೆ, ಹುಡುಗ ಇದ್ದಾನೆ ಅಂತ ಸುಮ್ಮನಾದೆ. ಸ್ಕೂಲಲ್ಲಿ ನಾನು ವಿಜ್ಞಾನದ ಟೀಚರು. ವಾಹಕ, ಅವಾಹಕ, ಉದಾಹರಣೆಗೆ ರಬ್ಬರ್ ಅಂತ ಬೋರ್ಡ್ ಮೇಲೆ ಬರೆಯೋಳು. ಇವರು ಪ್ರಯೋಗವನ್ನೇ ಮಾಡಿ ಮುಗಿಸಿದ್ದಾರೆ, ಒದ್ದೆ ನೆಲದ ಮೇಲೆ, ಎಪ್ಪತ್ತು ದಾಟಿದ ಮೇಲೆ.

ಗೀಸರ್ ಗೋಡೆಯಿಂದ ಇಳಿಸಿ ಬೋಲ್ಟ್ ಬಿಚ್ಚಿದಾಗ ಕಂಡಿದ್ದನ್ನ ಬರೀಲೇಬೇಕು. ಮೊದಲು ಕೆಂಪು ನೀರು ಬಂತು. ಹಿಂದೆಯೇ ಬಿಳಿ ಬಿಳಿ ಚಕ್ಕೆ ಕಳಚಿ ಬಿತ್ತು, ಜಗ್ಗು ತುಂಬಿತು. ಕಾಯಿಲ್ ಅನ್ನೋದು ಕಾಣ್ತಾನೇ ಇರಲಿಲ್ಲ, ಮೇಲೆ ಬೆರಳು ದಪ್ಪ ಕಟ್ಟಿತ್ತು. ಹುಡುಗ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದ. ಒಂದು ತುಂಡು ಕಳಚಿತು. ಅದರ ಕೆಳಗೆ ಕೊಳವೆ ಉದ್ದಕ್ಕೆ ಸೀಳಿತ್ತು, ಉಗುರು ಸಿಕ್ಕಿಸುವಷ್ಟು.

"ನೋಡ್ರಿ ಅಕ್ಕಾರೆ, ಉಪ್ಪು ಕಟ್ಟಿದ ಮೇಲೆ ಶಾಖ ನೀರಿಗೆ ಹೋಗಲ್ಲ. ಕಾಯಿಲ್ ತಾನೇ ಕಾದು ಕಾದು ಒಡೀತೈತಿ. ಒಡೆದ ಮೇಲೆ ಕರೆಂಟ್ ಸೀದಾ ನೀರಿಗೆ. ಅರ್ಥಿಂಗ್ ಸರಿ ಇದ್ದಿದ್ರೆ ಅವತ್ತೇ ಫ್ಯೂಸ್ ಹೋಗಿರ್ತಿತ್ತು. ಇಲ್ಲಿ ಅದಕ್ಕೆ ಹೋಗಾಕೆ ದಾರಿನೇ ಇಲ್ಲ, ಅಜ್ಜಿನೇ ದಾರಿ."

ಕೊನೇ ಮಾತು ಅವನು ನಗ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳ್ತೀವಲ್ಲ, ಬೈಕಾರ್ಬೊನೇಟಿನಿಂದ ಬಂದ ಗಡಸುತನ ತಾತ್ಕಾಲಿಕ, ಕಾಯಿಸಿದರೆ ಹೋಗುತ್ತೆ ಅಂತ. ಎಲ್ಲಿಗೆ ಹೋಗುತ್ತೆ ಅಂತ ಇದುವರೆಗೆ ಒಂದು ಮಗುವೂ ಕೇಳಿಲ್ಲ. ಇಗೋ ಇಲ್ಲಿಗೆ, ಜಗ್ಗಿಗೆ. ನಾಳೆ ಒಂದು ಚಕ್ಕೆ ಕ್ಲಾಸಿಗೆ ಒಯ್ಯಬೇಕು. ಹುಣಸೆ ರಸ ಸಾಲದು, ಲ್ಯಾಬಿನ ಆಸಿಡ್ ಎರಡು ಹನಿ ಹಾಕಿದರೆ ಬುಸ್ ಅಂತ ನೊರೆ ಬರುತ್ತೆ.

ರಾಜನಹಳ್ಳಿಯಿಂದ ಬರೋ ಹೊಳೆ ನೀರು ದಿನಾ ಬಂದಿದ್ದರೆ ಈ ಗತಿ ಬರ್ತಿರಲಿಲ್ಲ. ಅದು ಬಂದ ದಿನ ತುಂಬಿಟ್ಟುಕೊಳ್ಳೋದು ಕುಡಿಯೋಕೆ, ಅಡಿಗೆಗೆ. ಮೈಗೆ, ಬಟ್ಟೆಗೆ, ಗೀಸರಿಗೆ ಎಲ್ಲಾ ಬೋರ್ ನೀರೇ. ಸೋಪು ಉಜ್ಜಿ ಉಜ್ಜಿ ಸವೆಯುತ್ತೆ, ನೊರೆ ಬರಲ್ಲ.

ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ಒಳಗೆ ಒಂದು ಮೆಗ್ನೀಷಿಯಂ ರಾಡ್ ಇರುತ್ತೆ. ಟ್ಯಾಂಕಿನ ಬದಲು ಅದು ಸವೆಯುತ್ತೆ. ನಮ್ಮದರಲ್ಲಿ ನಡುವಿನ ತಂತಿ ಮಾತ್ರ ಉಳಿದಿತ್ತು. ಬೋರ್ ನೀರಾದರೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕಂತೆ. ಥರ್ಮೋಸ್ಟ್ಯಾಟ್ ಕೊನೇ ಗೆರೆಗೆ ತಿರುಗಿಸಿಟ್ಟಿದ್ದನ್ನ ಅವನು 55ಕ್ಕೆ ಇಳಿಸಿದ. ನೀರು ಹೆಚ್ಚು ಕಾದಷ್ಟೂ ಉಪ್ಪು ಬೇಗ ಕಟ್ಟುತ್ತೆ. ಅತ್ತೆಗೆ ಅದು ಸರಿ ಬರಲಿಲ್ಲ. "ಎಂಥ ಬಿಸಿನೋ ಅದು, ಮೀಯಾಕಾ ಕುಡಿಯಾಕಾ?" ಜಗಳೂರು ಕಡೆ ತವರಿನಲ್ಲಿ ಬಚ್ಚಲ ಹಂಡೆಗೆ ಮೆಕ್ಕೆಜೋಳದ ಬೆಂಡು ಒಟ್ಟಿ ಕಾಯಿಸಿದ ನೀರು ಮಿಂದವರು ಅವರು. ಹಂಡೆ ನೀರಿಗೆ ಥರ್ಮೋಸ್ಟ್ಯಾಟ್ ಇರಲಿಲ್ಲ, ಅರ್ಥಿಂಗೂ ಬೇಕಿರಲಿಲ್ಲ.

ಇನ್ನೊಂದು ಮರೆತೆ. ವಾಲ್ವಿನಿಂದ ನೀರು ಹನಿಯುತ್ತೆ ಅಂತ ಅತ್ತೆ ಅದಕ್ಕೆ ಬಟ್ಟೆ ಬಿಗಿದು ಕಟ್ಟಿದ್ದರು. ಹುಡುಗ ಮೊದಲು ಅದನ್ನ ಬಿಚ್ಚಿಸಿದ. ನೀರು ಕಾದಾಗ ಉಬ್ಬುತ್ತೆ, ಆ ಒತ್ತಡಕ್ಕೆ ನಾಲ್ಕು ಹನಿ ಬಿದ್ದರೆ ತಪ್ಪಿಲ್ಲ. ಸ್ವಿಚ್ ಹಾಕದೇ ಇದ್ದಾಗಲೂ ಸುರೀತಿದ್ದರೆ ವಾಲ್ವ್ ಬದಲಿಸಬೇಕು. ಮುಚ್ಚೋದು ಮಾತ್ರ ಯಾವತ್ತೂ ಬೇಡ, ಟ್ಯಾಂಕೇ ಸಿಡಿಯಬಹುದು ಅಂದ. ಅತ್ತೆ ಸುಮ್ಮನೆ ಬಟ್ಟೆ ಮಡಚಿ ಒಳಗಿಟ್ಟರು. ಹೊರಗೆ ಬಂದು ಹಳೇ ಕಾಯಿಲ್ ಕೈಗೆತ್ತಿಕೊಂಡು "ಇದ್ರಾಗೆ ತಾಮ್ರ ಐತಿ ಅಲ್ಲೇನೋ ತಮ್ಮ?" ಅಂತ ಕೇಳಿದರು. ಐತ್ರಿ ಅಂದ. ಗುಜರಿಯವನು ಬರೋತನಕ ಅದು ಈಗ ತುಳಸಿ ಕಟ್ಟೆ ಹಿಂದೆ ಇದೆ.

ಅರ್ಥಿಂಗ್ ವೈರ್ ಹಿತ್ತಲಲ್ಲಿ ಟೈಲ್ಸ್ ಹಾಕಿಸಿದಾಗ ತುಂಡಾಗಿದೆ. ಗುಂಡಿ ಟೈಲ್ಸಿನ ಕೆಳಗೆ ಎಲ್ಲೋ ಇದೆ. ಬುಧವಾರ ಹೊಸ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಮಾಡಿಕೊಡ್ತಾನಂತೆ. ಮೀಟರ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಕೂರಿಸ್ತಾನೆ. ಅಷ್ಟು ಕರೆಂಟ್ ದಾರಿ ತಪ್ಪಿದರೂ ಕ್ಷಣದಲ್ಲಿ ಕಟ್ ಆಗುತ್ತೆ. ಅದು ಮುಗಿಯೋ ತನಕ ಗೀಸರ್ ಹಾಕೋದೇ ಬೇಡ ಅಂದ. ಆಮೇಲೂ ನೀರು ಕಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಸ್ನಾನ. ಸ್ವಿಚ್ ಆರಿಸಿದರೆ ಸಾಲದಾ ಅಂದೆ. ಹಳೇ ಮನೇಲಿ ಸ್ವಿಚ್ಚನ್ನ ಫೇಸಿಗೆ ಹಾಕಿದಾರೋ ನ್ಯೂಟ್ರಲ್ಲಿಗೆ ಹಾಕಿದಾರೋ ನಂಬೋ ಹಂಗಿಲ್ಲ ಅಂದ. ಇದನ್ನ ನಾನು ಯೋಚಿಸೇ ಇರಲಿಲ್ಲ.

ಸಂಜೆ ಮಂಡಕ್ಕಿ ಮಿರ್ಚಿ ತರಿಸಿದೆವು. ಅತ್ತೆ ಜೊತೆ ಮಾತು ಬಿಟ್ಟಿದ್ದೆ. ಅವರೇ ಒಂದು ಮಿರ್ಚಿ ನನ್ನ ತಟ್ಟೆಗೆ ಜಾಸ್ತಿ ಹಾಕಿದರು. ಇನ್ನೂ ಏನೇನು ಹೇಳದೇ ಇಟ್ಟುಕೊಂಡಿದಾರೋ. ಮೊಣಕಾಲು? ಕಣ್ಣು? ಮೊನ್ನೆ ಹಾಲಿನ ಪಾತ್ರೆ ಒಲೆ ಮೇಲಿಡೋಕೆ ಎರಡು ಸಲ ತಡಕಾಡಿದರು.

ಹೊರಡೋ ಮುಂಚೆ ಆ ಹುಡುಗ ಇನ್ನೊಂದು ಮಾತು ಹೇಳಿ ಹೋದ. ನೀರು ಬಂದ್ ಮಾಡೋಕೆ ಟೆರೇಸಿಗೆ ಹೋಗಿದ್ದನಲ್ಲ, ಮೇಲಿನ ಮನೆಯವರ ಬಚ್ಚಲ ಕಿಟಕಿ ನೋಡಿದ್ದಾನೆ. ಚಳಿಗೆ ಅಂತ ರಟ್ಟು ಹಚ್ಚಿ ಟೇಪ್ ಸುತ್ತಿದ್ದಾರೆ. ಒಳಗೆ ಗ್ಯಾಸ್ ಗೀಸರ್. "ಅದನ್ನ ತೆಗೆಸ್ರಿ ಅಕ್ಕಾರೆ, ಕರೆಂಟಾದ್ರೆ ಜುಮ್ ಅಂತ ಹೇಳ್ತೈತಿ, ಅದು ಹೇಳಲ್ಲ." ನಿಜ. ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ. ಗಾಳಿ ಸಾಲದೆ ಅರೆಬರೆ ಉರಿದಾಗ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿತು ಅನ್ನೋ ಹೊತ್ತಿಗೆ ಚಿಲಕ ತೆಗೆಯೋ ಶಕ್ತಿಯೂ ಇರಲ್ಲ.

ಏಳೂವರೆಗೆ ಮೇಲೆ ಹೋದೆ. ಆಕೆ ಒಬ್ಬಳೇ ಇದ್ದಳು, ಮಗುವಿಗೆ ಶೀತ. ಕಿಟಕಿ ತೆಗೀರಿ ಅಂದೆ. "ಆಂಟಿ, ಕೂಸಿಗೆ ಗಾಳಿ ಬಡಿಯುತ್ತೆ, ಅವರು ಬಂದ ಮೇಲೆ ಕೇಳ್ತೀನಿ" ಅಂದಳು. ಬಾಡಿಗೆ ಜಾಸ್ತಿ ಮಾಡಿ ಹೋದ ತಿಂಗಳಷ್ಟೇ ಮನಸ್ತಾಪ ಆಗಿದೆ, ನಾನು ಏನು ಹೇಳಿದರೂ ಮನೆ ಓನರ್ ಹೇಳಿದಂಗೇ ಕೇಳುತ್ತೆ. ಇವರು "ಬೆಳಗ್ಗೆ ನಾನು ಹೇಳ್ತೀನಿ ಬಿಡು" ಅಂತ ಮಲಗಿದರು. ಆತನದು ಆರು ಗಂಟೆ ಶಿಫ್ಟು. ಐದಕ್ಕೆಲ್ಲ ಬಚ್ಚಲಲ್ಲಿರ್ತಾನೆ. ಇವರು ಏಳೋದೇ ಆರೂವರೆಗೆ. ಮೆಸೇಜ್ ಹಾಕಿದೆ, ಇನ್ನೂ ನೋಡಿಲ್ಲ. ಕೆಳಗೆ ಅವರ ಸಿಲಿಂಡರ್ ಮೆಟ್ಟಿಲ ಪಕ್ಕ ಇದ್ದಿದ್ದರೆ ನಾನೇ ರೆಗ್ಯುಲೇಟರ್ ತಿರುಗಿಸಿ, ಆದರೆ ಅದು ಅವರ ಅಡಿಗೆಮನೆ ಒಳಗಿದೆ, ಈಗ ಹೋಗಿ ಬಾಗಿಲು ಬಡಿದರೆ ಮಗು