ಸ್ನೇಹ ಅಂದಿದ್ರೆ ಸಾಕಿತ್ತಲ್ವಾ ಮೇಡಂ?

‘ಹೆರಾಲ್ಡ್ ಅಂಡ್ ಮಾಡ್’ ನೋಡಿ ಅಂತ ನಾನು ಯಾರಿಗೇ ಹೇಳಲಿ, ನೋಡಿ ಮುಗಿಸಿದವರು ತಪ್ಪದೆ ಕೇಳುವುದು ಇದನ್ನೇ: ‘ಚೆನ್ನಾಗಿದೆ ಮೇಡಂ, ನಕ್ಕೂ ನಕ್ಕೂ ಸಾಕಾಯ್ತು. ಆದ್ರೆ ಆ ಹುಡುಗ, ಆ ಅಜ್ಜಿ... ಅದನ್ನ ಪ್ರೀತಿ ಅಂತ ಯಾಕೆ ಮಾಡ್ಬೇಕಿತ್ತು? ಸ್ನೇಹ ಅಂದಿದ್ರೆ ಸಾಕಿತ್ತಲ್ವಾ?’ ಹಿರಿಯರು ಸ್ವಲ್ಪ ತಡವರಿಸಿ ಕೇಳುತ್ತಾರೆ, ಕಾಲೇಜು ಹುಡುಗರು ಮುಖ ಸಿಂಡರಿಸಿಕೊಂಡು ಕೇಳುತ್ತಾರೆ. ನನ್ನ ಚಿಕ್ಕಮ್ಮನ ಮಗನಂತೂ ‘ಅಕ್ಕಾ, ನಿಂಗೆ ಬೇರೆ ಸಿನಿಮಾನೇ ಸಿಗ್ಲಿಲ್ವಾ’ ಅಂದುಬಿಟ್ಟ. ಈಚೆಗೆ ಮತ್ತೆ ಕೂತು ನೋಡಿದೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಉತ್ತರವನ್ನು ಬರೆದೇ ಇಡೋಣ ಅನ್ನಿಸಿತು.

ನೋಡದೇ ಇರುವವರಿಗಾಗಿ ಸ್ವಲ್ಪ ಹಿನ್ನೆಲೆ. ಇದು 1971ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ಚಿತ್ರ. ನಿರ್ದೇಶಕ ಹಾಲ್ ಆ್ಯಶ್‌ಬಿ, ಬರೆದವನು ಕಾಲಿನ್ ಹಿಗಿನ್ಸ್. ಹಿಗಿನ್ಸ್ ಆಗ ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಓದುತ್ತ, ಹೊಟ್ಟೆಪಾಡಿಗೆ ಒಬ್ಬ ನಿರ್ಮಾಪಕನ ಮನೆಯ ಈಜುಕೊಳ ನೋಡಿಕೊಳ್ಳುತ್ತಿದ್ದ. ವಿದ್ಯಾರ್ಥಿಯಾಗಿ ಬರೆದಿದ್ದ ಸ್ಕ್ರಿಪ್ಟು ಆ ಮನೆಯೊಡತಿಗೆ ಹಿಡಿಸಿ ಪ್ಯಾರಾಮೌಂಟ್ ಕಂಪನಿಯವರೆಗೆ ಹೋಯಿತು. ಹೆರಾಲ್ಡ್ ಇಪ್ಪತ್ತರ ಆಸುಪಾಸಿನ ಹುಡುಗ, ಭಾರೀ ಶ್ರೀಮಂತರ ಮನೆ. ಅವನಿಗೆ ಎರಡೇ ಹವ್ಯಾಸ. ಒಂದು ಅಮ್ಮನ ಕಣ್ಣೆದುರು ಸತ್ತಂತೆ ನಟಿಸುವುದು, ಇನ್ನೊಂದು ಗುರುತಿಲ್ಲದವರ ಶವಸಂಸ್ಕಾರಕ್ಕೆ ಹೋಗಿ ಕೂರುವುದು. ಹಾಗೆ ಕೂತಿದ್ದಾಗ ಒಂದು ಚರ್ಚಿನಲ್ಲಿ ‘ಶ್ಶ್’ ಅಂತ ಕರೆದು ಮಿಠಾಯಿ ಬೇಕಾ ಅಂತ ಕೇಳುವವಳೇ ಮಾಡ್. ಅವಳಿಗೆ ಇನ್ನೊಂದು ವಾರಕ್ಕೆ ಎಂಬತ್ತು. ಅವಳೂ ಕರೆಯದೇ ಬಂದವಳು. (ನಮ್ಮ ಕಡೆ ಸಾವಿನ ಮನೆಗೆ ಯಾರೂ ಯಾರನ್ನೂ ಕರೆಯುವುದಿಲ್ಲ, ಸುದ್ದಿ ತಿಳಿದವರು ಹೋಗಬೇಕು ಅಷ್ಟೆ. ಆಮಂತ್ರಣ ಪತ್ರಿಕೆ ಬಂದರೇ ಗಾಬರಿ. ಹಾಗಾಗಿ ಈ ತಮಾಷೆ ನಮಗೆ ಅರ್ಧ ಮಾತ್ರ ತಟ್ಟುತ್ತದೆ.) ಮುಂದೆ ಕೊನೆಯವರೆಗಿನ ಕಥೆಯೆಲ್ಲ ಬರುತ್ತದೆ. ಬೇಡ ಅನ್ನುವವರು ಸಿನಿಮಾ ನೋಡಿಕೊಂಡು ಬನ್ನಿ.

ಮೊದಲ ದೃಶ್ಯದಲ್ಲೇ ಹುಡುಗ ರೆಕಾರ್ಡು ಹಾಕಿ, ಮೇಣದಬತ್ತಿ ಹಚ್ಚಿ, ಚೀಟಿ ಬರೆದಿಟ್ಟು ನೇಣಿಗೆ ಕೊರಳೊಡ್ಡುತ್ತಾನೆ. ಒಳಗೆ ಬಂದ ಅಮ್ಮ ಒಮ್ಮೆ ನೋಡಿ ಫೋನ್ ಎತ್ತಿಕೊಳ್ಳುತ್ತಾಳೆ. ತನ್ನ ಮಾತು ಮುಗಿಸಿ ಹೊರಡುವಾಗ, ಊಟ ಎಂಟಕ್ಕೆ, ಸ್ವಲ್ಪ ಲವಲವಿಕೆಯಿಂದ ಇರಲು ಪ್ರಯತ್ನಪಡು ಅಂತ ಹೇಳಿ ಹೋಗುತ್ತಾಳೆ. ಚಿಕ್ಕ ವಯಸ್ಸಿನಲ್ಲಿ ನೋಡಿದಾಗ ನನ್ನ ಕಣ್ಣೆಲ್ಲ ಹುಡುಗನ ಮೇಲೇ ಇತ್ತು. ಈಗ ನೋಡುವಾಗ ಅಮ್ಮನನ್ನೇ ನೋಡುತ್ತಿರುತ್ತೇನೆ. ವಿವಿಯನ್ ಪಿಕಲ್ಸ್ ಎಂಬ ನಟಿ. ಅವಳು ಕೆಟ್ಟ ತಾಯಿಯ ಪಾತ್ರ ಮಾಡಿಲ್ಲ, ಪುರುಸೊತ್ತಿಲ್ಲದ ತಾಯಿಯ ಪಾತ್ರ ಮಾಡಿದ್ದಾಳೆ. ಮಗನಿಗೆ ಹೆಣ್ಣು ಹುಡುಕಲು ಕಂಪ್ಯೂಟರಿನಲ್ಲಿ ಜೋಡಿ ಹೊಂದಿಸುವವರ ಫಾರಂ ತರಿಸಿ, ಪ್ರಶ್ನೆಗಳನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತ, ಅವನು ಬಾಯಿ ತೆರೆಯುವ ಮೊದಲೇ ತನಗೆ ತೋಚಿದ ಉತ್ತರ ತುಂಬುತ್ತ ಹೋಗುತ್ತಾಳೆ. ಎದುರಿಗೆ ಕೂತ ಮಗ ಪಿಸ್ತೂಲಿಗೆ ಗುಂಡು ತುಂಬುತ್ತಿದ್ದಾನೆ. ಅವಳಿಗೆ ಕಾಣುವುದು ಫಾರಂ ಮಾತ್ರ. ನಮ್ಮಲ್ಲಿ ಎಷ್ಟೋ ಮಕ್ಕಳ ಮ್ಯಾಟ್ರಿಮೋನಿ ಪ್ರೊಫೈಲನ್ನು ಅಪ್ಪ ಅಮ್ಮಂದಿರು ತುಂಬುವುದು ಹೀಗೆಯೇ ಅಲ್ಲವೇ? ಇಷ್ಟವಾದ ಹವ್ಯಾಸ: ಓದು, ಸಂಗೀತ, ಪ್ರವಾಸ.

ಹೆರಾಲ್ಡ್ ಯಾಕೆ ಹೀಗೆ ಅನ್ನುವುದಕ್ಕೆ ಚಿತ್ರ ಒಂದೇ ಒಂದು ಕಾರಣ ಕೊಡುತ್ತದೆ, ಅದೂ ಅರ್ಧ ದಾರಿ ದಾಟಿದ ಮೇಲೆ. ಹಾಸ್ಟೆಲಿನಲ್ಲಿದ್ದಾಗ ಲ್ಯಾಬಿನಲ್ಲಿ ಏನೋ ಮಾಡಲು ಹೋಗಿ ಸ್ಫೋಟವಾಯಿತು. ಹೆದರಿದ ಅವನು ಸದ್ದಿಲ್ಲದೆ ಮನೆಗೆ ಬಂದು ಅಡಗಿಕೊಂಡ. ಅಷ್ಟರಲ್ಲಿ ಪೊಲೀಸರು ಬಂದು ನಿಮ್ಮ ಮಗ ಬೆಂಕಿಯಲ್ಲಿ ಹೋದ ಅಂತ ಅಮ್ಮನಿಗೆ ತಿಳಿಸಿದರು. ಅಮ್ಮ ಹಣೆಯ ಮೇಲೆ ಕೈಯಿಟ್ಟುಕೊಂಡು ಪೊಲೀಸರ ತೋಳಿಗೆ ಬಿದ್ದಳು. ಮರೆಯಲ್ಲಿ ನಿಂತು ನೋಡುತ್ತಿದ್ದ ಹುಡುಗನಿಗೆ ಸತ್ತಿರುವುದೇ ವಾಸಿ ಅನ್ನಿಸಿತು. ಹೆರಾಲ್ಡ್ ಪಾತ್ರದ ಬಡ್ ಕಾರ್ಟ್ ಇದನ್ನು ಹೇಳುತ್ತ ಹೇಳುತ್ತ ಅಳುತ್ತಾನೆ. ಅದುವರೆಗೂ ಸುಣ್ಣ ಬಳಿದ ಗೋಡೆಯ ಹಾಗಿದ್ದ ಮುಖ ಅದು. ಅಮ್ಮ ತನಗಾಗಿ ಕಳವಳಪಟ್ಟಿದ್ದನ್ನು ಅವನು ಕಂಡದ್ದು ತಾನು ಸತ್ತ ದಿನ. ಅಲ್ಲಿಂದ ಮುಂದೆ ಅವನು ಪದೇ ಪದೇ ಸಾಯುವುದರಲ್ಲಿ ಆಶ್ಚರ್ಯವೇನಿದೆ?

ಮಾಡ್ ಇದಕ್ಕೆ ತದ್ವಿರುದ್ಧ ಅಂತ ಎಲ್ಲರೂ ಬರೆಯುತ್ತಾರೆ. ಜೀವನೋತ್ಸಾಹ, ಚೈತನ್ಯದ ಬುಗ್ಗೆ ಇತ್ಯಾದಿ. ಆ ಮಾತುಗಳು ನನಗೆ ಅಷ್ಟು ಸೇರುವುದಿಲ್ಲ. ಅವಳು ಕಂಡವರ ಕಾರು ಕದಿಯುತ್ತಾಳೆ. ಪಾದ್ರಿಯ ಕಾರನ್ನೂ ಬಿಡುವುದಿಲ್ಲ. ಹೆರಾಲ್ಡ್ ತನ್ನ ಕಾರು ಅಂತ ಇಟ್ಟುಕೊಂಡಿರುವ ಶವವಾಹನವನ್ನೇ ಓಡಿಸಿಕೊಂಡು ಹೊರಟು, ಬಾ ಡ್ರಾಪ್ ಕೊಡ್ತೀನಿ ಅಂತ ಅವನನ್ನೇ ಕರೆಯುತ್ತಾಳೆ. ನಗರದ ಹೊಗೆಯಲ್ಲಿ ಒಣಗುತ್ತಿದ್ದ ಗಿಡವನ್ನು ಬೀದಿಯಿಂದ ಕಿತ್ತು ಕಾಡಿಗೆ ಸಾಗಿಸಿ ನೆಡುತ್ತಾಳೆ, ತಡೆದ ಪೊಲೀಸನ ಬೈಕನ್ನೇ ಹತ್ತಿ ಪರಾರಿ. ಸಾರ್ವಜನಿಕವಾಗಿ ಅವಳು ಒಂದು ಉಪದ್ರವ. ಹೆರಾಲ್ಡ್‌ನ ಪಾಲಿಗೆ ಮಾತ್ರ ಅವಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಮೊದಲ ಮನುಷ್ಯಳು.

ಇಷ್ಟು ಹೇಳಿದಾಗ ಕೇಳಿದವರು ಗೆದ್ದೆ ಅನ್ನುವ ಹಾಗೆ ‘ಅದೇ ಮೇಡಂ, ಒಳ್ಳೆ ಅಜ್ಜಿ ಮೊಮ್ಮಗನ ಸಂಬಂಧ. ಅಲ್ಲಿಗೇ ನಿಲ್ಲಿಸಬಹುದಿತ್ತು’ ಅನ್ನುತ್ತಾರೆ. ನಿಲ್ಲಿಸಿದ್ದರೆ ಏನಾಗುತ್ತಿತ್ತು ನೋಡಿ. ಎಂಬತ್ತರ ಅಜ್ಜಿ ತೀರಿಕೊಂಡಾಗ ನಾವು ಏನಂತೇವೆ? ತುಂಬು ಜೀವನ ನಡೆಸಿದರು, ಹಣ್ಣೆಲೆ ಉದುರಿತು, ಯಾರಿಗೂ ಭಾರವಾಗದೆ ಹೋದರು, ಪುಣ್ಯಾತ್ಗಿತ್ತಿ. ಮೊಮ್ಮಗ ಅತ್ತರೆ ಬೆನ್ನು ಸವರಿ ಕಾಫಿ ಕೊಡುತ್ತೇವೆ. ಆ ಸಾವಿಗೆ ಮೊದಲೇ ಒಂದು ಜಾಗ ಗೊತ್ತು ಮಾಡಿ ಇಟ್ಟಿರುತ್ತೇವೆ. ಅವಳು ಮದುವೆಯಾಗಬೇಕಾಗಿದ್ದ ಹುಡುಗಿ ಅಂತಾದರೆ? ಎಂಬತ್ತರ ಸಾವೂ ಅಕಾಲ ಮರಣವಾಗುತ್ತದೆ. ಹೆರಾಲ್ಡ್ ಅವಳ ಎಂಬತ್ತನೇ ಹುಟ್ಟುಹಬ್ಬದ ರಾತ್ರಿ ಮದುವೆಯ ಮಾತೆತ್ತಬೇಕು ಅಂತಿರುವಾಗ ಅವಳು ತಾನು ಮಾತ್ರೆ ನುಂಗಿಯಾಗಿದೆ, ನಡುರಾತ್ರಿಯೊಳಗೆ ಹೋಗಿರುತ್ತೇನೆ ಅನ್ನುತ್ತಾಳೆ. ಸಾವಿನ ಜೊತೆ ಆಟವಾಡಿಕೊಂಡೇ ಬಂದ ಹುಡುಗ ಆಗ ಕಿರುಚಾಡುವುದನ್ನು ನೋಡಬೇಕು. ಆಂಬುಲೆನ್ಸಿನಲ್ಲಿ ಅವಳು ಹಸನ್ಮುಖಿ, ಇವನಿಗೆ ಉಸಿರೇ ಸಿಗುತ್ತಿಲ್ಲ. ಸಾವು ಅಂದರೆ ಏನು ಅಂತ ಅವನಿಗೆ ಕಲಿಸಲು ‘ಹೊತ್ತಾಗಿತ್ತು, ಹೋದರು’ ಅಂತ ಯಾರೂ ಸಮಾಧಾನ ಹೇಳಲಾಗದ ಸಾವೇ ಬೇಕಿತ್ತು. ಸ್ನೇಹ ಸಾಲುತ್ತಿರಲಿಲ್ಲ ಅಂತ ನಾನು ಹೇಳುವುದು ಇದಕ್ಕೆ.

ಇನ್ನೊಂದು ಮಾತು. ನೀವು ನನ್ನನ್ನು ಕೇಳುವ ಪ್ರಶ್ನೆಯನ್ನು ಈ ಸಿನಿಮಾ ತಾನೇ ಕೇಳಿಕೊಂಡಿದೆ. ಮದುವೆಯ ಸುದ್ದಿ ತಿಳಿದ ಮೇಲೆ ಮೂವರು ಒಬ್ಬರಾದ ಮೇಲೊಬ್ಬರಂತೆ ಕ್ಯಾಮೆರಾಗೆ ಮುಖಕೊಟ್ಟು ಬುದ್ಧಿ ಹೇಳುತ್ತಾರೆ. ಸೈನ್ಯದಲ್ಲಿರುವ ಮಾವನ ಹಿಂದೆ ಗೋಡೆಯಲ್ಲಿ ಆಗಿನ ಅಧ್ಯಕ್ಷ ನಿಕ್ಸನ್ ಫೋಟೊ, ಮನೋವೈದ್ಯನ ಹಿಂದೆ ಮನೋವಿಶ್ಲೇಷಣೆಯ ಗುರು ಫ್ರಾಯ್ಡ್, ಪಾದ್ರಿಯ ಹಿಂದೆ ಪೋಪ್. ಮನೋವೈದ್ಯನಿಗೆ ಪುಸ್ತಕದ ಚಿಂತೆ: ಹುಡುಗರಿಗೆ ಅಮ್ಮನ ಮೇಲೆ ಮೋಹವಿರುವುದು ಶಾಸ್ತ್ರದಲ್ಲಿದೆ, ಅಜ್ಜಿಯ ಮೇಲೆ ಯಾಕೆ? ಪಾದ್ರಿ ಆ ಎರಡು ದೇಹಗಳು ಕೂಡುವುದನ್ನು ಬಿಡಿಸಿ ಬಿಡಿಸಿ ಬಣ್ಣಿಸಿ, ಕೊನೆಗೆ ನೆನೆದರೇ ವಾಂತಿ ಬರುತ್ತದೆ ಅನ್ನುತ್ತಾನೆ. ಅಷ್ಟು ವಿವರವಾಗಿ ನೆನೆದವನು ಅವನೊಬ್ಬನೇ ಅನ್ನುವುದು ಇಲ್ಲಿನ ನಗು. ಚಿತ್ರ ನಮಗೆ ತೋರಿಸುವುದು ಮರುದಿನದ ಬೆಳಗನ್ನು ಮಾತ್ರ: ಅವಳು ಮಲಗಿದ್ದಾಳೆ, ಅವನು ಹಾಸಿಗೆಯಲ್ಲಿ ಕೂತು ಸೋಪಿನ ಗುಳ್ಳೆ ಊದುತ್ತಿದ್ದಾನೆ.

ಅರವತ್ತರ ನಾಯಕ ಇಪ್ಪತ್ತೈದರ ನಾಯಕಿಯ ಜೊತೆ ಮರ ಸುತ್ತುವುದನ್ನು ನಾವು ಕಣ್ಣು ಮಿಟುಕಿಸದೆ ನೋಡಿಕೊಂಡು ಬಂದವರು. ಅದಕ್ಕೆ ಯಾರೂ ನನಗೆ ಫೋನ್ ಮಾಡಿದ್ದಿಲ್ಲ. ಇದನ್ನು ಹೆಚ್ಚು ಎಳೆಯುವುದಿಲ್ಲ. ಮಾಡ್ ಪಾತ್ರ ಮಾಡಿದ ರೂತ್ ಗಾರ್ಡನ್ ಹುಟ್ಟಿದ್ದು 1896ರಲ್ಲಿ, ಆಕೆಯ ಗಂಡ, ನಾಟಕಕಾರ ಗಾರ್ಸನ್ ಕೇನಿನ್ 1912ರಲ್ಲಿ. ಇಬ್ಬರೂ ಸೇರಿ ಹಾಲಿವುಡ್‌ಗೆ ಒಳ್ಳೊಳ್ಳೆಯ ಚಿತ್ರಕಥೆ ಬರೆದರು, ಆಕೆ ತೀರಿಕೊಂಡ 1985ರವರೆಗೂ ಜೊತೆಗಿದ್ದರು. ಮಾಡ್‌ಳನ್ನು ಆಕೆ ಮುದ್ದು ಅಜ್ಜಿ ಮಾಡದೇ ಇದ್ದದ್ದರಲ್ಲಿ ಈ ಬದುಕಿನ ಪಾಲೂ ಇರಬಹುದು.

ಬಿಡುಗಡೆಯಾದಾಗ ಚಿತ್ರ ನೆಲಕಚ್ಚಿತು. ಉರಿಯುತ್ತಿರುವ ಅನಾಥಾಲಯದಲ್ಲಿ ಎಷ್ಟು ತಮಾಷೆ ಇರುತ್ತದೋ ಇದರಲ್ಲೂ ಅಷ್ಟೇ ಇದೆ ಅಂತ ‘ವೆರೈಟಿ’ ಪತ್ರಿಕೆ ಬರೆಯಿತು. ದೊಡ್ಡ ವಿಮರ್ಶಕರೂ ಕೈಬಿಟ್ಟರು. ಕೈಹಿಡಿದದ್ದು ಕಾಲೇಜು ಊರುಗಳ ಸಣ್ಣ ಥಿಯೇಟರುಗಳು. ಮಿನಿಯಾಪೊಲಿಸ್ ಪಕ್ಕದ ಇಡೈನಾ ಎಂಬಲ್ಲಿ ವೆಸ್ಟ್‌ಗೇಟ್ ಥಿಯೇಟರಿನಲ್ಲಿ ಎರಡು ವರ್ಷಕ್ಕೂ ಮೀರಿ ಓಡಿತು. ಕೊನೆಗೆ ಅಕ್ಕಪಕ್ಕದ ನಿವಾಸಿಗಳು ಫಲಕ ಹಿಡಿದು ಥಿಯೇಟರ್ ಮುಂದೆ ಧರಣಿ ಕೂತರು. ಅಶ್ಲೀಲ ಅಂತಲ್ಲ, ಇನ್ನಾದರೂ ಬೇರೆ ಸಿನಿಮಾ ಹಾಕಿ ಅಂತ. 1997ರಲ್ಲಿ ಅಮೆರಿಕ ಸರ್ಕಾರ ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ ಇದನ್ನು ಸೇರಿಸಿತು.

ಇಷ್ಟು ಮೆಚ್ಚಿದರೂ ಕೊನೆಯ ಬಗ್ಗೆ ನನ್ನ ಜಗಳ ಇದ್ದೇ ಇದೆ. ಎಂಬತ್ತಕ್ಕೆ ಸಾಕು ಅಂತ ಒಬ್ಬಳು ತಾನೇ ನಿಶ್ಚಯಿಸಿ ಹೊರಡುವುದು. ಅದಕ್ಕೆ ಚಿತ್ರ ಇಟ್ಟಿರುವ ಬೀಗದಕೈ ಒಂದು ಕ್ಷಣದ್ದು, ರೆಪ್ಪೆ ಬಡಿದರೆ ತಪ್ಪಿಹೋಗುತ್ತದೆ. ಇಳಿಸಂಜೆ ಇಬ್ಬರೂ ನೀರಿನ ಕಡೆ ಮುಖ ಮಾಡಿ ಕೂತಿರುತ್ತಾರೆ. ಹೆರಾಲ್ಡ್ ಅವಳ ಕೈ ಹಿಡಿದಾಗ ಮುಂಗೈ ಮೇಲೆ ಹಚ್ಚೆಯ ಸಂಖ್ಯೆ ಕಾಣುತ್ತದೆ, ನಾಜಿ ಶಿಬಿರದ್ದು. ಅವನು ಕೇಳುವುದಿಲ್ಲ. ಅವಳು ಹಾರುವ ಕಡಲಹಕ್ಕಿಗಳ ಕಡೆ ಮಾತು ತಿರುಗಿಸುತ್ತಾಳೆ. ವಿಯೆನ್ನಾದ ನೆನಪು, ಗಂಡ, ಹಿಂದೆ ಚಳವಳಿಗಳಿಗೆಲ್ಲ ಹಿಡಿದು ಹೋಗುತ್ತಿದ್ದ ಕೊಡೆ, ಇವನ್ನೆಲ್ಲ ಅಲ್ಲಿ ಇಲ್ಲಿ ಚೂರುಚೂರಾಗಿ ಉದುರಿಸಿದ್ದಕ್ಕೆ ಆಗ ಒಂದು ಅರ್ಥ ಕೂಡಿಕೊಳ್ಳುತ್ತದೆ. ತನ್ನ ಸಾವಿನ ದಿನವನ್ನು ಇನ್ನೊಬ್ಬರು ಬರೆಯುವ ಜಾಗದಿಂದ ಬದುಕಿ ಬಂದವಳು ಆ ದಿನವನ್ನು ತಾನೇ ಆರಿಸಿಕೊಂಡಳು ಅಂತ ಓದಬಹುದು. ಹಾಗೆ ಓದುವವರ ಜೊತೆ ನನಗೆ ವಾದವಿಲ್ಲ.

ನನ್ನ ತಕರಾರು ಬೇರೆ. ಮಾಡ್‌ಗೆ ಮಂಡಿನೋವಿಲ್ಲ, ಮರೆವಿಲ್ಲ, ರಾತ್ರಿ ಏಳುವ ಕೆಮ್ಮಿಲ್ಲ. ಎಂಬತ್ತಾದವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಗೊತ್ತು, ನಿಜವಾದ ಪರೀಕ್ಷೆ ಅಲ್ಲಿಂದಾಚೆ. ಪ್ರೀತಿಸಿದ ಹುಡುಗ ಎಂಬತ್ತೆಂಟರ ಮಾಡ್‌ಳನ್ನು ಬಚ್ಚಲಿಗೆ ಕೈಹಿಡಿದು ನಡೆಸುವ ದೃಶ್ಯ ಬರುವ ಮೊದಲೇ ಕಥೆಗಾರ ಅವಳನ್ನು ಜಾಣತನದಿಂದ ಸಾಗಹಾಕಿದ. ಮುಪ್ಪನ್ನು ಇಷ್ಟು ಕೊಂಡಾಡಿದ ಚಿತ್ರವೇ ಮುಪ್ಪಿನ ಮೈ ಕಂಡು ಹಿಂಜರಿಯಿತು. ಬರೆಯುವಾಗ ಹಿಗಿನ್ಸ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಕ್ಷಮಿಸೋಣ. ಇನ್ನೊಂದು ಎಚ್ಚರಿಕೆ: ಮನೆಯಲ್ಲಿ ಯಾರನ್ನಾದರೂ ಇಂಥ ಸಾವಿಗೆ ಕಳೆದುಕೊಂಡವರಿಗೆ ನಾನು ಈ ಚಿತ್ರ ನೋಡಿ ಅಂತ ಹೇಳುವುದಿಲ್ಲ. ಅವರಿಗೆ ಮೊದಲ ದೃಶ್ಯವೇ ನಗುವ ವಿಷಯವಲ್ಲ.

ಆಮೇಲೆ ಆ ಕಾರು. ಅಮ್ಮ ಶವವಾಹನವನ್ನು ಎಳೆಸಿಹಾಕಿ ಹೊಸ ಜಾಗ್ವಾರ್ ಕೊಡಿಸಿದರೆ ಮಗ ಅದನ್ನೇ ಬೆಸೆದು ಕೊಯ್ದು ಶವವಾಹನ ಮಾಡಿಕೊಂಡಿದ್ದ. ಕೊನೆಯಲ್ಲಿ ಆ ಜಾಗ್ವಾರ್ ಮಳೆಯಲ್ಲಿ ಓಡುತ್ತದೆ. ಆ್ಯಶ್‌ಬಿ ನಿರ್ದೇಶಕನಾಗುವ ಮೊದಲು ಆಸ್ಕರ್ ಪಡೆದ ಸಂಕಲನಕಾರ. ಆಸ್ಪತ್ರೆಯ ಕಾರಿಡಾರನ್ನೂ ಈ ಓಟವನ್ನೂ ಹೆಣೆಯುತ್ತ ಹೋಗುತ್ತಾನೆ, ಹಿನ್ನೆಲೆಯಲ್ಲಿ ಕ್ಯಾಟ್ ಸ್ಟೀವನ್ಸ್ ಹಾಡು. ಕಾರು ಬಂಡೆಯ ತುದಿಯಿಂದ ಹಾರಿ ಬಿದ್ದು ನುಚ್ಚುನೂರಾಗುತ್ತದೆ. ಹೆರಾಲ್ಡ್ ಮೇಲೆ ನಿಂತಿದ್ದಾನೆ, ಕೈಯಲ್ಲಿ ಅವಳು ಕೊಟ್ಟ ಬ್ಯಾಂಜೊ. ಇದೂ ಒಂದು ಸುಳ್ಳು ಸಾವೇ. ಆದರೆ ಅಲ್ಲಿ ಅಮ್ಮನಿಲ್ಲ, ಪೊಲೀಸರಿಲ್ಲ, ಒಬ್ಬ ಪ್ರೇಕ್ಷಕನೂ ಇಲ್ಲ. ಯಾರಾದರೂ ನೋಡಲಿ ಅಂತ ಮಾಡಿದ್ದಲ್ಲದ ಮೊದಲ ನಾಟಕ.

ನನಗೆ ಆಶ್ಚರ್ಯವೆಂದರೆ, ಅಜ್ಜಿ ಯಾಕೆ ಅನ್ನುವವರು ಯಾರೂ ಸನ್‌ಶೈನ್ ಯಾಕೆ ಬೇಡ ಅಂತ ಕೇಳುವುದಿಲ್ಲ. ಅಮ್ಮ ಫಾರಂ ತುಂಬಿ ತರಿಸಿದ ಮೂರನೆಯ ಹುಡುಗಿ ಅವಳು, ನಟಿ. ಮೊದಲಿಬ್ಬರು ಹೆರಾಲ್ಡ್‌ನ ಬೆಂಕಿ, ಕತ್ತಿ ಕಂಡು ಓಡಿಹೋದವರು. ಅವನು ಜಪಾನಿ ಶೈಲಿಯಲ್ಲಿ ಹೊಟ್ಟೆ ಬಗೆದುಕೊಂಡು ಬಿದ್ದಾಗ ಇವಳು ಕಿರುಚಲಿಲ್ಲ. ಎಂಥ ಅಭಿನಯ ಅಂತ ಮೆಚ್ಚಿ, ಅದೇ ಚೂರಿ ತಗೊಂಡು, ಜೂಲಿಯೆಟ್‌ಳ ಮಾತು ಹೇಳಿ ತಾನೂ ಸತ್ತು ಬಿದ್ದಳು. ಹೆರಾಲ್ಡ್ ಕಣ್ಣು ಬಿಟ್ಟುಕೊಂಡು ನೋಡುತ್ತ ಕೂತ. ಒಳಗೆ ಬಂದ ಅಮ್ಮ, ಇದು ನಿನ್ನ ಕೊನೆಯ ಹುಡುಗಿ ಅಂತ ರೇಗಿದಳು. ವಯಸ್ಸು ಸರಿ, ಕಸುಬು ಸರಿ, ಅಭಿರುಚಿಯಂತೂ ಅಚ್ಚು ಹೊಡೆದ ಹಾಗೆ. ಜಾತಕ ನೋಡಿದ್ದರೂ ಕೂಡಿಬರುತ್ತಿತ್ತು. ಅವಳನ್ನು ಕಟ್ಟಿಕೊಂಡಿದ್ದರೆ ಇಬ್ಬರೂ ಜೀವಮಾನವಿಡೀ ಆ ಬಂಗಲೆಯಲ್ಲಿ ಸೊಗಸಾಗಿ ಸಾಯುತ್ತ ಇದ್ದುಬಿಡುತ್ತಿದ್ದರು, ಅತ್ತೆ ಊಟ ಎಂಟಕ್ಕೆ ಅನ್ನುತ್ತಿದ್ದಳು.